ಸ್ವಂತ ಪ್ರೋಗ್ರಾಮಿನ ಮೇಲೆ ಬದುಕುವವರು

(ಸಂಘದ ವಾರ್ಷಿಕ ಸ್ನೇಹ ಸಮ್ಮೇಳನದಲ್ಲಿ ಮಾಡಿದ ಭಾಷಣ)



ವರ್ಷಕ್ಕೊಮ್ಮೆ ಈ ವೇದಿಕೆಯ ಮೇಲೆ ನಾಲ್ಕು ಮಾತು ಆಡುವ ಅವಕಾಶವನ್ನು ನೀವು ನನಗೆ ಕೊಡುತ್ತ ಬಂದಿದ್ದೀರಿ. ರಾತ್ರಿಶಾಲೆಯ ಮಾಸ್ತರನಾದವನು ಓದು, ಉಳಿತಾಯ, ಒಗ್ಗಟ್ಟು ಎಂಬ ಮೂರು ವಿಷಯಗಳ ಸುತ್ತಲೇ ಗಾಣದ ಎತ್ತಿನಂತೆ ಸುತ್ತುವುದು ಸಹಜ. ಈ ವರ್ಷ ಆ ಸುತ್ತಿನಿಂದ ಹೊರಗೆ ಬರಬೇಕಾಯಿತು. ಕಾರಣ ಹೇಳುತ್ತೇನೆ.

ಹದಿನೈದು ದಿನಗಳ ಹಿಂದೆ ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರು ನನ್ನ ಖೋಲಿಗೆ ಬಂದರು. ಹೆಸರು ಹೇಳುವುದಿಲ್ಲ, ಅವರು ಈಗ ಈ ಸಭೆಯಲ್ಲೇ ಕುಳಿತಿದ್ದಾರೆ. ವಿಜಾಪುರದ ಕಡೆಯಿಂದ ಹುಡುಗತನದಲ್ಲಿ ಮುಂಬಯಿಗೆ ಬಂದು ಪರೇಲಿನ ಒಂದು ಗಿರಣಿಯಲ್ಲಿ ಮಗ್ಗದ ಖಾತೆಗೆ ಸೇರಿದವರು. ೧೯೮೨ರ ಜನವರಿ ೧೮ರಂದು ಶುರುವಾದ ಮುಷ್ಕರದಲ್ಲಿ ಎರಡೂವರೆ ಲಕ್ಷ ಕಾರ್ಮಿಕರ ಜೊತೆಗೆ ಇವರೂ ಹೊರಬಂದರು. ಮರಳಿ ಒಳಗೆ ಹೋಗಲಿಲ್ಲ. ಆಮೇಲೆ ಕಾವಲು ಕೆಲಸ ಮಾಡಿದರು, ಹಮಾಲಿ ಮಾಡಿದರು, ತಡವಾಗಿ ಮದುವೆಯಾದರು, ಇದ್ದೊಬ್ಬ ಮಗನನ್ನು ಓದಿಸಿದರು. ಆ ಮಗ ಇಂದು ಒಂದು ದೊಡ್ಡ ಕಂಪ್ಯೂಟರ್ ಕಂಪನಿಯಲ್ಲಿ ನೌಕರ. ತಿಂಗಳ ಮೊದಲ ದಿನವೇ ಪಗಾರ ಬ್ಯಾಂಕಿಗೆ ಬಂದು ಬೀಳುತ್ತದೆ.

ಹಿರಿಯರು ಕುಳಿತರು, ಚಹಾ ಕುಡಿದರು, ಆಮೇಲೆ ಹೇಳಿದರು: “ಮಾಸ್ತರ್ರೇ, ಹುಡುಗ ನೌಕರಿ ಬಿಡ್ತೀನಂತಾನ್ರೀ. ಸಣ್ಣ ಹೋಟೆಲಿನವರಿಗೆ ಲೆಕ್ಕದ ಪ್ರೋಗ್ರಾಮು ಬರದಾನಂತ. ಇನ್ನು ಅದರ ಮ್ಯಾಲೇ ಬದುಕ್ತೀನಂತಾನ. ನಾ ಹೂಂ ಅನ್ಲೋ, ಬ್ಯಾಡ ಅನ್ಲೋ?”

ನನಗೆ ಆ ಹೊತ್ತಿಗೆ ಉತ್ತರ ಹೊಳೆಯಲಿಲ್ಲ. ಗಾದೆಗಳು ಹೊಳೆದವು. ಆದರೆ ಬಂದ ಪಗಾರವನ್ನು ಬಿಡಬೇಡ ಎನ್ನುವ ಗಾದೆಗಳೆಷ್ಟೋ ಧೈರ್ಯವೇ ಲಕ್ಷ್ಮಿ ಎನ್ನುವ ಗಾದೆಗಳೂ ಅಷ್ಟೇ ಇವೆ. ಆದುದರಿಂದ ಹೀಗೆ ಒಬ್ಬಂಟಿಯಾಗಿ ಪ್ರೋಗ್ರಾಮು ಬರೆದು ಬದುಕಿದವರ ಜೀವನ ಹೇಗೆ ನಡೆದಿದೆ ಎಂದು ಓದಿಕೊಂಡು, ತಿಳಿದಷ್ಟನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಇಲ್ಲಿ ಮಕ್ಕಳನ್ನು ಕಂಪ್ಯೂಟರ್ ಓದಿಗೆ ಹಾಕಿದ ತಂದೆತಾಯಿಗಳು ಇನ್ನೂ ಹಲವರಿದ್ದೀರಿ. ಇಂದಲ್ಲ ನಾಳೆ ಈ ಪ್ರಶ್ನೆ ನಿಮ್ಮ ಬಾಗಿಲನ್ನೂ ತಟ್ಟೀತು.

ಮೊದಲು ಈ ಕಸುಬಿನ ಬಗೆ ತಿಳಿಯೋಣ. ಕಂಪ್ಯೂಟರು ತನ್ನಷ್ಟಕ್ಕೆ ಒಂದು ಮೂಕ ಪೆಟ್ಟಿಗೆ. ಇಂಥದನ್ನು ಕೂಡು, ಇಂಥದನ್ನು ಬರೆದಿಡು, ಕೇಳಿದಾಗ ಹೊರಗೆ ತೋರಿಸು ಎಂದು ಕ್ರಮವಾಗಿ ಬರೆದಿಟ್ಟ ಆದೇಶಗಳ ಕಟ್ಟಿಗೆ ಪ್ರೋಗ್ರಾಮು ಅಥವಾ ಸಾಫ್ಟ್‌ವೇರು ಎನ್ನುತ್ತಾರೆ. ಗಿರಣಿಯಲ್ಲಿ ಮಗ್ಗ ಮಾಲಕನದು, ನೂಲು ಮಾಲಕನದು, ನೇಯ್ದ ಬಟ್ಟೆಯೂ ಮಾಲಕನದೇ. ನಮ್ಮದಾಗಿದ್ದವು ಎರಡು ಕೈ ಮಾತ್ರ. ಪ್ರೋಗ್ರಾಮು ಬರೆಯುವವನಿಗೆ ಒಂದು ಸಾಧಾರಣ ಕಂಪ್ಯೂಟರು ಕೈಗೆ ಬಂದರೆ ಮಗ್ಗ ಬಂದಂತಾಯಿತು. ನೂಲು ತಲೆಯೊಳಗೇ ಇದೆ. ಲೋಕದಲ್ಲಿ ಇಷ್ಟು ಕಡಿಮೆ ಬಂಡವಾಳದಲ್ಲಿ ಸ್ವಂತದ್ದಾಗುವ ಉಪಕರಣ ಬೇರೆ ಯಾವ ದೊಡ್ಡ ಉದ್ಯಮದಲ್ಲಿಯೂ ಇಲ್ಲವೆಂದರೆ ತಪ್ಪಾಗದು.

ಇನ್ನೊಂದು ವಿಚಿತ್ರ ಉಂಟು. ಒಂದು ಸಲ ಬರೆದ ಪ್ರೋಗ್ರಾಮನ್ನು ಸಾವಿರ ಜನರಿಗೆ ಕೊಟ್ಟರೂ ಬರೆದವನ ಬಳಿ ಅದು ಸವೆಯುವುದಿಲ್ಲ. ನಮ್ಮ ಇಡ್ಲಿಯ ವ್ಯಾಪಾರ ಹಾಗಲ್ಲ. ನೂರ ಒಂದನೆಯ ಇಡ್ಲಿಗೂ ಹಿಟ್ಟು ರುಬ್ಬಲೇಬೇಕು. ಆದರೆ ಈ ಗುಣವೇ ಅದರ ಪೀಡೆಯೂ ಹೌದು. ಬರೆದವನಿಗೆ ಪ್ರತಿ ಮಾಡುವುದು ಎಷ್ಟು ಸುಲಭವೋ ಕೊಂಡವನಿಗೂ ಅಷ್ಟೇ ಸುಲಭ. ಒಬ್ಬ ಕೊಂಡು ಹತ್ತು ಮಂದಿ ಸ್ನೇಹಿತರಿಗೆ ಬಿಟ್ಟಿ ಹಂಚಿದರೆ ಬರೆದವನು ಉಣ್ಣುವುದೇನನ್ನು?

ಈ ಪ್ರಶ್ನೆಗೆ ಯಾರೂ ನಿರೀಕ್ಷಿಸದ ಉತ್ತರವನ್ನು ಕಂಡುಕೊಂಡವನು ಅಮೆರಿಕದ ಜಿಮ್ ಕ್ನೋಫ್ ಎಂಬ ಗೃಹಸ್ಥ. ವಾಷಿಂಗ್ಟನ್ ರಾಜ್ಯದಲ್ಲಿ, ಐಬಿಎಂ ಎಂಬ ಬಲಾಢ್ಯ ಕಂಪನಿಯಲ್ಲಿ ಆತ ಪಗಾರದ ನೌಕರ. ಮನೆಯಲ್ಲಿ ಹವ್ಯಾಸಕ್ಕೆಂದು ಒಂದು ಸಣ್ಣ ಕಂಪ್ಯೂಟರು ಇಟ್ಟುಕೊಂಡಿದ್ದ. ಆತ ಹೋಗುತ್ತಿದ್ದ ಚರ್ಚಿನವರು ತಮ್ಮ ಸದಸ್ಯರಿಗೆ ಅಂಚೆ ಕಳಿಸಲು ವಿಳಾಸದ ಚೀಟಿಗಳನ್ನು ಅಚ್ಚು ಹಾಕಬೇಕಿತ್ತು. ಆ ಕೆಲಸಕ್ಕಾಗಿ ಸಂಜೆಯ ಹೊತ್ತಿನಲ್ಲಿ ಕುಳಿತು, ಹೆಸರು ವಿಳಾಸಗಳನ್ನು ಒಪ್ಪವಾಗಿ ಇಟ್ಟುಕೊಂಡು ಬೇಕಾದಾಗ ತೆಗೆದುಕೊಡುವ ಒಂದು ಪ್ರೋಗ್ರಾಮು ಬರೆದ. ನಮ್ಮ ಸಂಘದ ಸದಸ್ಯರ ಪಟ್ಟಿಯನ್ನು ಇಡುವುದಿಲ್ಲವೇ, ಅಂಥದೇ ಕೆಲಸ. ೧೯೮೧ರಲ್ಲಿ ಐಬಿಎಂ ಕಂಪನಿಯು ಜನಸಾಮಾನ್ಯರು ಮನೆಯಲ್ಲಿ ಇಟ್ಟುಕೊಳ್ಳುವ ಕಂಪ್ಯೂಟರನ್ನು ಮಾರಾಟಕ್ಕೆ ಬಿಟ್ಟಿತು. ಕ್ನೋಫ್ ತನ್ನ ಪ್ರೋಗ್ರಾಮನ್ನು ಅದಕ್ಕೂ ಹೊಂದಿಸಿದ. ಸಹೋದ್ಯೋಗಿಗಳು ಕೇಳಿದರು, ಕೊಟ್ಟ. ಅವರು ತಮ್ಮ ಸ್ನೇಹಿತರಿಗೆ ಕೊಟ್ಟರು, ಆ ಸ್ನೇಹಿತರು ಇನ್ನಾರಿಗೋ ಕೊಟ್ಟರು.

ಹರಡಿದ್ದು ಸಂತೋಷವೇ; ಆದರೆ ತಾಪತ್ರಯ ಅಲ್ಲಿಂದಲೇ ಹುಟ್ಟಿತು. ಪ್ರೋಗ್ರಾಮಿನಲ್ಲಿ ಒಂದು ತಪ್ಪು ಕಂಡರೆ ತಿದ್ದಿದ ಪ್ರತಿಯನ್ನು ಎಲ್ಲರಿಗೂ ಕಳಿಸಬೇಕು. ಆಗ ಪ್ರತಿ ಎಂದರೆ ಫ್ಲಾಪಿ ಎಂಬ ತೆಳುವಾದ ತಟ್ಟೆ, ಅದಕ್ಕೊಂದು ಲಕೋಟೆ, ಅದಕ್ಕೆ ಅಂಚೆಯ ಖರ್ಚು. ಯಾರಿಗೆ ನಿಜಕ್ಕೂ ಬೇಕು, ಯಾರು ಸುಮ್ಮನೆ ಇಟ್ಟುಕೊಂಡಿದ್ದಾರೆ ಎಂದು ತಿಳಿಯುವ ಬಗೆ ಹೇಗೆ? ೧೯೮೨ರಲ್ಲಿ ಆತ ಪ್ರೋಗ್ರಾಮಿನೊಳಗೇ ಒಂದು ವಿನಂತಿ ಬರೆದಿಟ್ಟ. ಇದರ ಪ್ರತಿ ಮಾಡಿ ಯಾರಿಗೆ ಬೇಕಾದರೂ ಕೊಡಿ. ನಿಮಗೆ ಉಪಯೋಗವಾಗಿದ್ದರೆ, ಮುಂದಿನ ತಿದ್ದುಪಡಿಗಳು ಬೇಕಿದ್ದರೆ, ಹತ್ತು ಡಾಲರು ಕಳಿಸಿ ಎಂಬುದು ಅದರ ತಾತ್ಪರ್ಯ. ಹತ್ತು ಡಾಲರೆಂದರೆ ಅಂದಿನ ನಮ್ಮ ಲೆಕ್ಕದಲ್ಲಿ ನೂರು ರೂಪಾಯಿಯ ಒಳಗೆ.

ಇಲ್ಲಿ ಪರೇಲು ಲಾಲ್‌ಬಾಗಿನಲ್ಲಿ ಭೋಂಗಾ ನಿಂತುಹೋದ ವರ್ಷವೇ ಅಲ್ಲಿ ಒಬ್ಬ ನೌಕರ ಹೀಗೊಂದು ವಿನಂತಿ ಬರೆದ. ಎರಡಕ್ಕೂ ಸಂಬಂಧವಿಲ್ಲ. ಆದರೆ ನಮ್ಮ ಹಿರಿಯರ ಮನೆಯ ಇಂದಿನ ಪ್ರಶ್ನೆಗೆ ಎರಡೂ ಸಂಬಂಧಪಟ್ಟಿವೆ.

ಯಾರಾದರೂ ತಾವಾಗಿ ದುಡ್ಡು ಕಳಿಸಿಯಾರು ಎಂದು ನಂಬಿದ್ದಕ್ಕೆ ಹೆಂಡತಿ ತನ್ನನ್ನು ಮರುಳನೆಂದಳು ಎಂದು ಕ್ನೋಫನೇ ಮುಂದೆ ಬರೆದುಕೊಂಡಿದ್ದಾನೆ. ಆತನ ಆಸೆಯೂ ದೊಡ್ಡದಿರಲಿಲ್ಲ. ಹವ್ಯಾಸದ ಖರ್ಚಿಗೆ ಕೆಲವು ನೂರು ಡಾಲರು ಬಂದರೆ ಸಾಕೆಂದಿದ್ದ. ಆದರೆ ಅಂಚೆಪೆಟ್ಟಿಗೆ ತುಂಬಿ ಹೊರಗೆ ಚೆಲ್ಲುವಷ್ಟು ಕಾಗದಗಳು ಬಂದವು. ೧೯೮೩ರಲ್ಲಿ ಒಂದು ಕಂಪ್ಯೂಟರ್ ಪತ್ರಿಕೆಯು ಅವನ ಪ್ರೋಗ್ರಾಮನ್ನು ಹೊಗಳಿ ಬರೆದ ಮೇಲಂತೂ ತಡೆಯೇ ಇರಲಿಲ್ಲ.

ಇದರ ನಡುವೆ ಒಂದು ಸ್ವಾರಸ್ಯ ನಡೆಯಿತು. ಕ್ಯಾಲಿಫೋರ್ನಿಯದಲ್ಲಿ ಆಂಡ್ರ್ಯೂ ಫ್ಲೂಗಲ್‌ಮನ್ ಎಂಬ ಇನ್ನೊಬ್ಬನಿದ್ದ. ವಕೀಲಿ ಬಿಟ್ಟು ಪತ್ರಿಕೆಯ ಕೆಲಸಕ್ಕೆ ಬಂದವನು. ಫೋನಿನ ತಂತಿಯ ಮೂಲಕ ಒಂದು ಕಂಪ್ಯೂಟರು ಇನ್ನೊಂದರ ಜೊತೆ ಮಾತಾಡುವ ‘ಪಿಸಿ-ಟಾಕ್’ ಎಂಬ ಪ್ರೋಗ್ರಾಮು ಬರೆದು, ಆತನೂ ಅದೇ ವರ್ಷ ಇಂಥದೇ ವಿನಂತಿಯನ್ನು ಇಟ್ಟಿದ್ದ. ಒಬ್ಬರಿಗೊಬ್ಬರ ಸುದ್ದಿಯೇ ತಿಳಿದಿರಲಿಲ್ಲ. ಅಲ್ಲಿಯ ಸಾರ್ವಜನಿಕ ದೂರದರ್ಶನದವರು ವರ್ಷಕ್ಕೆ ಕೆಲವು ದಿನ ಪ್ರೇಕ್ಷಕರಲ್ಲಿ ವಂತಿಗೆ ಬೇಡುವ ಪದ್ಧತಿಯನ್ನು ನೋಡಿ ಆತನಿಗೆ ಇದು ಹೊಳೆದದ್ದಂತೆ. ನಮ್ಮಲ್ಲಿ ಯಕ್ಷಗಾನ ನೋಡಿದವರು, ಭಜನೆ ಕೇಳಿದವರು ಆರತಿ ತಟ್ಟೆಗೆ ದುಡ್ಡು ಹಾಕುತ್ತಾರಷ್ಟೆ. ಯಾರೂ ಬಾಗಿಲಲ್ಲಿ ಟಿಕೇಟು ಕೇಳಿರುವುದಿಲ್ಲ. ಎರಡೂ ಪ್ರೋಗ್ರಾಮುಗಳು ಕೈಗೆ ಬಂದ ಒಬ್ಬ ಬಳಕೆದಾರನೇ ಇಬ್ಬರಿಗೂ ಪರಿಚಯ ಮಾಡಿಸಿದ. ಅವರು ಪ್ರತಿಸ್ಪರ್ಧಿಗಳಂತೆ ನಡೆದುಕೊಳ್ಳಲಿಲ್ಲ. ತನ್ನ ಪ್ರೋಗ್ರಾಮಿಗೆ ಕ್ನೋಫ್ ‘ಪಿಸಿ-ಫೈಲ್’ ಎಂದು ಜೋಡಿ ಹೆಸರಿಟ್ಟ. ಇಬ್ಬರೂ ಇಪ್ಪತ್ತೈದು ಡಾಲರು ಕೇಳುವುದೆಂದು ಒಪ್ಪಿಕೊಂಡರು. ಒಬ್ಬನ ಪ್ರೋಗ್ರಾಮಿನೊಳಗೆ ಇನ್ನೊಬ್ಬನದನ್ನು ಹೊಗಳಿ ಬರೆದರು. ಒಂದೇ ಬೀದಿಯಲ್ಲಿ ಎರಡು ಹೋಟೆಲು ಇಟ್ಟವರು ಪರಸ್ಪರ ಗಿರಾಕಿ ಕಳಿಸುವುದನ್ನು ನೀವು ಕಂಡಿದ್ದೀರೋ ಇಲ್ಲವೋ. ನಾನು ಕಂಡದ್ದು ಕಡಿಮೆ.

ನಮ್ಮ ಹಿರಿಯರ ಮಗ ಗಮನಿಸಬೇಕಾದ ಸಂಗತಿ ಮುಂದಿನದು. ಕ್ನೋಫ್ ೧೯೮೨ರಲ್ಲಿ ನೌಕರಿ ಬಿಡಲಿಲ್ಲ. ೧೯೮೩ರಲ್ಲಿ ಕಾಗದಗಳ ಮಳೆ ಸುರಿದಾಗಲೂ ಬಿಡಲಿಲ್ಲ. ಹಗಲು ಐಬಿಎಂ, ರಾತ್ರಿ ಮನೆಯಲ್ಲಿ ಪ್ರೋಗ್ರಾಮು, ತಿದ್ದುಪಡಿ, ಲಕೋಟೆ, ಉತ್ತರ. ಸ್ವಂತ ಕೆಲಸದಿಂದ ಬರುವ ಆದಾಯ ಪಗಾರದ ಸುಮಾರು ಹತ್ತು ಪಟ್ಟಾದ ಮೇಲೆ, ೧೯೮೪ರ ಬೇಸಗೆಯಲ್ಲಿ, ರಾಜೀನಾಮೆ ಕೊಟ್ಟ. ಹತ್ತು ಪಟ್ಟು! ಎರಡು ಪಟ್ಟಾದಾಗಲೇ ನಮ್ಮಲ್ಲಿ ಎಷ್ಟೋ ಮಂದಿ ಮಾಲಕನಿಗೆ ಕೈ ಮುಗಿದು ಹೊರಬಿದ್ದಿರುತ್ತಿದ್ದೆವು. ಧೈರ್ಯ ಕಡಿಮೆ ಎನ್ನುವವರು ಎನ್ನಲಿ. ಹೆಂಡತಿ ಮಕ್ಕಳಿರುವವನು ಹೊಸ ನೆಲ ಗಟ್ಟಿಯಿದೆಯೇ ಎಂದು ಎರಡು ವರ್ಷ ಕಾಲೂರಿ ನೋಡಿದ್ದಾನೆ ಎಂದು ನನಗೆ ಅನಿಸುತ್ತದೆ.

ಜರ್ಮನ್ ಭಾಷೆಯಲ್ಲಿ ಕ್ನೋಫ್ ಎಂದರೆ ಅಂಗಿಯ ಗುಂಡಿ. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಬಟನ್ ಎಂಬ ಹೆಸರಿನಿಂದ ಆತ ವ್ಯವಹಾರ ನಡೆಸಿದ; ಕಂಪನಿಗೆ ‘ಬಟನ್‌ವೇರ್’ ಎಂದು ಹೆಸರಿಟ್ಟ. ಉಚ್ಛ್ರಾಯ ಕಾಲದಲ್ಲಿ ಮೂವತ್ತೈದು ಜನರಿಗೆ ಅಲ್ಲಿ ಕೆಲಸವಿತ್ತು, ವರ್ಷದ ವ್ಯಾಪಾರ ನಲವತ್ತೈದು ಲಕ್ಷ ಡಾಲರಿಗೆ ಮುಟ್ಟಿತ್ತು. ಇಷ್ಟೂ ಹಣವನ್ನು ಕಳಿಸಿದವರು ಕಳಿಸದೆಯೂ ಪ್ರೋಗ್ರಾಮನ್ನು ಬಳಸಬಹುದಾಗಿದ್ದ ಜನ. ೧೯೯೨ರಲ್ಲಿ ಹೃದಯಾಘಾತವಾದ ಮೇಲೆ ಆತ ನಿವೃತ್ತನಾದ, ೨೦೧೩ರಲ್ಲಿ ತೀರಿಕೊಂಡ.

ಅದೇ ಸಿಯಾಟಲ್ ಕಡೆಯ ಬಾಬ್ ವ್ಯಾಲೇಸ್ ಎಂಬವನ ಯುಕ್ತಿ ಇನ್ನೂ ಮೋಜಿನದು. ಮೈಕ್ರೋಸಾಫ್ಟ್ ಕಂಪನಿಯ ಮೊಟ್ಟಮೊದಲ ಹತ್ತು ಮಂದಿ ನೌಕರರಲ್ಲಿ ಒಬ್ಬನಾಗಿದ್ದ ಆತ ೧೯೮೩ರಲ್ಲಿ ಅದನ್ನು ಬಿಟ್ಟು, ಕಾಗದ ಪತ್ರ ಬರೆಯುವ ‘ಪಿಸಿ-ರೈಟ್’ ಎಂಬ ಪ್ರೋಗ್ರಾಮು ಮಾಡಿದ. ಎಪ್ಪತ್ತೈದು ಡಾಲರು ಕೊಟ್ಟು ಹೆಸರು ನೋಂದಾಯಿಸಿದವನಿಗೆ ಒಂದು ಸಂಖ್ಯೆ ಸಿಗುತ್ತಿತ್ತು. ಅವನು ಹಂಚಿದ ಪ್ರತಿಯಿಂದ ಮತ್ತೊಬ್ಬ ನೋಂದಾಯಿಸಿದರೆ ಮೊದಲಿನವನಿಗೆ ಇಪ್ಪತ್ತೈದು ಡಾಲರು ವಾಪಸು. ಕಳ್ಳಪ್ರತಿ ಹಂಚುವವನನ್ನೇ ಆತ ಮಾರಾಟಗಾರನನ್ನಾಗಿ ಮಾಡಿಬಿಟ್ಟ! ಈ ಪದ್ಧತಿಗೆ ‘ಶೇರ್‌ವೇರ್’ ಎಂಬ ಹೆಸರು ಊರಿತು.

ಇಲ್ಲಿಗೇ ನಿಲ್ಲಿಸಿದರೆ ನೀವು ಮನೆಗೆ ಹೋಗಿ ಮಕ್ಕಳಿಗೆ ರಾಜೀನಾಮೆ ಬರೆದುಕೊಡುವಿರಿ. ಆದ್ದರಿಂದ ಇನ್ನೊಂದು ಮಗ್ಗುಲನ್ನೂ ಹೇಳಬೇಕು.

ಫ್ಲೂಗಲ್‌ಮನ್ನನ ಕಥೆ ಹೀಗೆ ಮುಗಿಯಿತು: ೧೯೮೫ರ ಜುಲೈಯಲ್ಲಿ ಆತ ಕಾಣೆಯಾದ. ಆಗ ನಲವತ್ತೊಂದು ವರ್ಷ. ಕಾರು ಗೋಲ್ಡನ್ ಗೇಟ್ ಸೇತುವೆಯ ಬಳಿ ದೊರೆಯಿತು, ಆತ ದೊರೆಯಲಿಲ್ಲ. ಅದರ ಕಾರಣಗಳನ್ನು ಊಹಿಸುವ ಅಧಿಕಾರ ನಮಗಿಲ್ಲ.

ಇನ್ನೊಬ್ಬನ ಕಥೆಯನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ, ಏಕೆಂದರೆ ಅವನ ಕೆಲಸ ಈ ಸಭೆಯಲ್ಲಿ ಎಲ್ಲರ ಜೇಬಿನಲ್ಲಿಯೂ ಇದೆ. ಫಿಲ್ ಕಾಟ್ಜ್. ಮಿಲ್ವಾಕಿ ನಗರದ ಹುಡುಗ, ೧೯೬೨ರಲ್ಲಿ ಹುಟ್ಟಿದವನು. ಗಿರಣಿಯಲ್ಲಿ ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟಿದರೆ ಕೋಣೆ ತುಂಬುವ ಹತ್ತಿ ಒಂದು ಮೂಲೆಯಲ್ಲಿ ಕೂರುತ್ತದಲ್ಲವೇ? ಕಂಪ್ಯೂಟರಿನಲ್ಲಿಯೂ ಬರೆಹ ಚಿತ್ರಗಳನ್ನು ಹಾಗೆ ಒತ್ತಿ ಸಣ್ಣ ಗಂಟು ಮಾಡಬಹುದು. ಬಿಚ್ಚಿದಾಗ ಒಂದು ಅಕ್ಷರವೂ ನಷ್ಟವಾಗಿರುವುದಿಲ್ಲ. ಫೋನಿನ ತಂತಿಯಲ್ಲಿ ಆಮೆಯ ವೇಗದಿಂದ ಸರಕು ಹೋಗುತ್ತಿದ್ದ ದಿನಗಳಲ್ಲಿ ಗಂಟು ಸಣ್ಣದಾದಷ್ಟೂ ಫೋನಿನ ಬಿಲ್ಲು ಉಳಿತಾಯ. ಆ ಕೆಲಸಕ್ಕೆ ‘ಆರ್ಕ್’ ಎಂಬ ಒಂದು ಪ್ರೋಗ್ರಾಮು ಆಗಲೇ ಇತ್ತು. ಕಾಟ್ಜ್ ಅದಕ್ಕಿಂತ ಬಹಳ ವೇಗದ್ದನ್ನು ಬರೆದ. ೧೯೮೬ರಲ್ಲಿ ಮನೆಯಲ್ಲೇ ಕಂಪನಿ ತೆರೆದ. ತಾಯಿ ವ್ಯವಹಾರಕ್ಕೆ ಜೊತೆಯಾದಳು.

೧೯೮೮ರಲ್ಲಿ ‘ಆರ್ಕ್’ ಮಾಡಿದವರು ಕೋರ್ಟಿಗೆ ಹೋದರು. ತಮ್ಮ ಬರವಣಿಗೆಯನ್ನೇ ಈತ ಎತ್ತಿಕೊಂಡಿದ್ದಾನೆ ಎಂಬುದು ಅವರ ದೂರು. ಪರೀಕ್ಷೆಗೆ ನೇಮಕವಾದ ತಜ್ಞನು ನೋಡಿದಾಗ ಮೂಲದಲ್ಲಿದ್ದ ಕಾಗುಣಿತದ ತಪ್ಪುಗಳು ಕೂಡ ಕಾಟ್ಜನ ಪ್ರತಿಯಲ್ಲಿ ಹಾಗೆಯೇ ಬಂದಿದ್ದವು! ಪರೀಕ್ಷೆಯಲ್ಲಿ ಪಕ್ಕದವನದನ್ನು ನೋಡಿ ಬರೆಯುವ ನನ್ನ ರಾತ್ರಿಶಾಲೆಯ ಶಿಷ್ಯರು ಸಿಕ್ಕಿಬೀಳುವುದೂ ಹೀಗೆಯೇ. ಕಾಟ್ಜ್ ಹಣ ತೆತ್ತು ರಾಜಿ ಮಾಡಿಕೊಂಡ. ಆದರೆ ಜನ ಏನು ಮಾಡಿದರು? ದೊಡ್ಡ ಕಂಪನಿಯೊಂದು ಬಡಪಾಯಿ ಹುಡುಗನನ್ನು ತುಳಿಯುತ್ತಿದೆ ಎಂದು ಸಿಟ್ಟಿಗೆದ್ದು ‘ಆರ್ಕ್’ ಅನ್ನೇ ಬಹಿಷ್ಕರಿಸಿದರು. ಆ ‘ದೊಡ್ಡ ಕಂಪನಿ’ಯೂ ವಾಸ್ತವದಲ್ಲಿ ಒಂದು ಸಣ್ಣ ಕುಟುಂಬದ ವ್ಯವಹಾರವೇ ಆಗಿತ್ತು, ಹೆಸರು ಮಾತ್ರ ದೊಡ್ಡದಾಗಿ ಕೇಳಿಸುತ್ತಿತ್ತು. ದುಡಿಯುವವರ ಸಿಟ್ಟು ದುಡಿಯುವವರ ಮೇಲೆಯೇ ಬಿದ್ದ ಪ್ರಸಂಗಗಳನ್ನು ನಾವೂ ಕಂಡವರೇ.

ಆದರೂ ಕಾಟ್ಜನಿಗೆ ಸಲ್ಲಬೇಕಾದದ್ದು ಸಲ್ಲಬೇಕು. ೧೯೮೯ರಲ್ಲಿ ಆತ ಹೊಸದಾಗಿ ‘ಜಿಪ್’ ಎಂಬ ಗಂಟು ಕಟ್ಟುವ ಬಗೆಯನ್ನು ತಂದ. ಅದರ ರೀತಿಯನ್ನು ಗುಟ್ಟಾಗಿಡದೆ ಯಾರು ಬೇಕಾದರೂ ಬಳಸಲಿ ಎಂದು ಪ್ರಕಟಿಸಿದ. ಇಂದು ಆಂಡ್ರಾಯ್ಡ್ ಫೋನಿಗೆ ಇಳಿಯುವ ಆಪುಗಳ ಕಟ್ಟು, ನೀವು ಕಳಿಸುವ ವರ್ಡ್ ಕಾಗದ, ಫೋನಿನಲ್ಲಿ ಓದುವ ಪುಸ್ತಕ ಬಹುಪಾಲು ಆ ಗಂಟಿನ ಬಗೆಯಲ್ಲೇ ಇರುತ್ತವೆ. ಕೀರ್ತಿ ಬಂತು, ಹಣ ಬಂತು. ಜೊತೆಗೆ ಕುಡಿತವೂ ಬಂತು. ೨೦೦೦ದ ಏಪ್ರಿಲ್ ೧೪ರಂದು, ತನ್ನ ಊರಿನಲ್ಲೇ, ಒಂದು ಹೋಟೆಲಿನ ಕೋಣೆಯಲ್ಲಿ ಒಬ್ಬನೇ ಸತ್ತ. ಮೂವತ್ತೇಳು ವರ್ಷ. ವಸತಿ ಹೋಟೆಲುಗಳಲ್ಲಿ ರೂಮ್‌ಬಾಯ್ ಆಗಿ ದುಡಿಯುವ ನಮ್ಮ ಹುಡುಗರಿಗೆ ಇಂಥ ಬಾಗಿಲುಗಳ ಪರಿಚಯವಿದೆ. ದಿನಗಟ್ಟಲೆ ಚಹಾ ಕೇಳದ, ಬಾಗಿಲು ತೆಗೆಯದ ಗಿರಾಕಿ. ಒಳಗಿರುವವನು ಯಾರೋ, ಏನು ಮಾಡಿದವನೋ.

ಈ ಕಸುಬಿನ ನಿಜವಾದ ಅಪಾಯ ಬಡತನಕ್ಕಿಂತ ಹೆಚ್ಚಾಗಿ ಒಂಟಿತನದಲ್ಲಿ ಇದೆಯೆಂದು ನನಗೆ ಕಾಣುತ್ತದೆ. ಹೋಟೆಲಿನಲ್ಲಿ ಭಟ್ಟರು ಬೇರೆ, ಸಪ್ಲೈಯರು ಬೇರೆ, ಗಲ್ಲೆಯ ಮೇಲೆ ಕೂರುವವನು ಬೇರೆ, ಬೈಗುಳವಾದರೂ ಹಂಚಿಹೋಗುತ್ತದೆ. ಸ್ವತಂತ್ರನಾಗಿ ಪ್ರೋಗ್ರಾಮು ಬರೆಯುವವನು ಅಡಿಗೆಯನ್ನೂ ಮಾಡಬೇಕು, ಬಡಿಸಲೂಬೇಕು, ಲೆಕ್ಕವನ್ನೂ ಇಡಬೇಕು, ಸಾಂಬಾರಿನಲ್ಲಿ ಉಪ್ಪು ಹೆಚ್ಚಾಯಿತೆಂಬ ಮಾತನ್ನೂ ಒಬ್ಬನೇ ಕೇಳಬೇಕು. ಬರೆಯುವುದು ಅವನ ದಿನದ ಅರ್ಧ ಭಾಗವೂ ಇರುವುದಿಲ್ಲ.

ಇದು ಫ್ಲಾಪಿಯ ಕಾಲದ ಮಾತಾಯಿತು, ಈಗ ಹೇಗೆ ಎಂದು ತರುಣರು ಕೇಳಬಹುದು. ಈಗ ಫ್ಲಾಪಿಯಿಲ್ಲ, ಅಂಚೆಯಿಲ್ಲ, ಆಪ್ ಅಂಗಡಿಗಳಿವೆ. ಜಗತ್ತಿನ ಯಾವ ಮೂಲೆಯ ಗಿರಾಕಿಗೂ ಕ್ಷಣದಲ್ಲಿ ಸರಕು ಮುಟ್ಟುತ್ತದೆ. ಆದರೆ ದಲ್ಲಾಳಿ ಬಂದ. ಆಪಲ್ ಕಂಪನಿ ೨೦೦೮ರಲ್ಲಿ ಅಂಗಡಿ ತೆರೆದಾಗ ನೂರಕ್ಕೆ ಮೂವತ್ತು ತನಗೆಂದು ಇಟ್ಟಿತು. ಬಹಳ ಗಲಾಟೆಯಾದ ಮೇಲೆ ೨೦೨೧ರಿಂದ, ವರ್ಷಕ್ಕೆ ಹತ್ತು ಲಕ್ಷ ಡಾಲರಿಗಿಂತ ಕಡಿಮೆ ದುಡಿಯುವ ಸಣ್ಣವರು ಕೇಳಿಕೊಂಡರೆ, ನೂರಕ್ಕೆ ಹದಿನೈದಕ್ಕೆ ಇಳಿಸಿತು. ಮಗ್ಗ ನಮ್ಮದು ಎಂದೆನಲ್ಲ, ಸಂತೆಯ ಜಾಗ ಇನ್ನೊಬ್ಬರದು ಎಂಬುದನ್ನೂ ಸೇರಿಸಿಕೊಳ್ಳಿ.

ಈ ಕಾಲದಲ್ಲಿಯೂ ಒಬ್ಬನೇ ಕುಳಿತು ಗೆದ್ದವರಿದ್ದಾರೆ. ಮತ್ತದೇ ಸಿಯಾಟಲಿನ ಎರಿಕ್ ಬರೋನ್ ೨೦೧೧ರಲ್ಲಿ ಕಾಲೇಜು ಮುಗಿಸಿದ, ಕೆಲಸ ಸಿಗಲಿಲ್ಲ. ಸಂಜೆ ಒಂದು ನಾಟಕಶಾಲೆಯಲ್ಲಿ ಪ್ರೇಕ್ಷಕರಿಗೆ ಕುರ್ಚಿ ತೋರಿಸುವ ಕೂಲಿ. ಉಳಿದ ಹೊತ್ತೆಲ್ಲ ಒಂದು ಕಂಪ್ಯೂಟರ್ ಆಟವನ್ನು ಕಟ್ಟುವುದು. ಅದರ ಚಿತ್ರ, ಸಂಗೀತ, ಮಾತು, ಲೆಕ್ಕ ಎಲ್ಲವೂ ಒಬ್ಬನ ಕೈಯವು. ನಾಲ್ಕೂವರೆ ವರ್ಷ. ಆ ಅವಧಿಯಲ್ಲಿ ಮನೆಯನ್ನು ಬಹಳಮಟ್ಟಿಗೆ ನಡೆಸಿದವಳು ಆತನ ಸಂಗಾತಿ. ೨೦೧೬ರ ಫೆಬ್ರವರಿಯಲ್ಲಿ ‘ಸ್ಟಾರ್‌ಡ್ಯೂ ವ್ಯಾಲಿ’ ಹೊರಬಂತು. ಎರಡು ತಿಂಗಳೊಳಗೆ ಹತ್ತು ಲಕ್ಷ ಪ್ರತಿ ಮಾರಾಟವಾಯಿತು. ೨೦೨೪ರ ಕೊನೆಗೆ ಆ ಸಂಖ್ಯೆ ನಾಲ್ಕು ಕೋಟಿ ದಾಟಿತ್ತು. ಆಟದ ಕಥೆ ಕೇಳಿದರೆ ನೀವು ನಗುತ್ತೀರಿ. ಪಟ್ಟಣದ ಕಚೇರಿಯಲ್ಲಿ ಬೇಸತ್ತ ನೌಕರನೊಬ್ಬ ಕೆಲಸ ಬಿಟ್ಟು, ಅಜ್ಜ ಬಿಟ್ಟುಹೋದ ಹೊಲಕ್ಕೆ ಹಿಂತಿರುಗಿ ಬೇಸಾಯ ಮಾಡುತ್ತಾನೆ. ಅಷ್ಟೇ. ರಾತ್ರಿ ಹೋಟೆಲಿನ ಮೇಜುಗಳನ್ನು ಜೋಡಿಸಿ ಮಲಗುವಾಗ ನಾವು ಒಬ್ಬೊಬ್ಬರೂ ಕಟ್ಟಿದ ಆಟವನ್ನು ಆತ ಕಂಪ್ಯೂಟರಿನಲ್ಲಿ ಕಟ್ಟಿದ.

ಇಂಥ ಕೋಟಿಗಳು ಎಲ್ಲರಿಗೂ ಬರುವುದಿಲ್ಲ. ಬರೋನನ ಹಾಗೆ ನಾಲ್ಕು ವರ್ಷ ಕಳೆದು ಕೈ ಖಾಲಿಯಾದವರ ಹೆಸರುಗಳು ನಮಗೆ ಸಿಗುವುದಿಲ್ಲ, ಏಕೆಂದರೆ ಅವರ ಬಗೆಗೆ ಯಾರೂ ಬರೆಯುವುದಿಲ್ಲ. ಇನ್ನು ಹಣವೇ ಗುರಿಯಲ್ಲದವರೂ ಉಂಟು. ನಮ್ಮ ಅಕ್ಷರಗಳನ್ನು ಕಂಪ್ಯೂಟರಿಗೆ ಒಗ್ಗಿಸಿದವರಲ್ಲಿ ಹಿರಿಯರಾದ ಕಿನ್ನಿಕಂಬಳ ಪದ್ಮನಾಭ ರಾಯರು ಒಂದು ಕಾಲಕ್ಕೆ ಈ ಮುಂಬಯಿಯಲ್ಲಿಯೇ ದುಡಿದವರು. ಕನ್ನಡಕ್ಕೆ ಒಪ್ಪುವ ಕೀಲಿಮಣೆಯ ಕ್ರಮವನ್ನು ರೂಪಿಸಿ, ಅದರ ಮೇಲೆ ಹಕ್ಕು ಹೂಡದೆ ಎಲ್ಲರಿಗೂ ಬಿಟ್ಟುಕೊಟ್ಟರು. ಶೇಷಾದ್ರಿವಾಸು ಚಂದ್ರಶೇಖರನ್ ಎಂಬವರು ೧೯೯೮ರಲ್ಲಿ ‘ಬರಹ’ವನ್ನು ಹೊರತಂದು ಬಿಟ್ಟಿಯಾಗಿ ಹಂಚಿದರು. ಊರಿನ ಸುದ್ದಿಯನ್ನು ಕನ್ನಡದಲ್ಲೇ ಓದಿ ಕನ್ನಡದಲ್ಲೇ ಉತ್ತರ ಬರೆಯುವಾಗ ಇವರನ್ನು ನೆನೆಯದಿದ್ದರೆ ತಪ್ಪಾದೀತು.

ಈಗ ನಮ್ಮ ಹಿರಿಯರ ಪ್ರಶ್ನೆಗೆ ಬರುತ್ತೇನೆ. ಹೂಂ ಎಂದಾಗಲಿ ಬೇಡವೆಂದಾಗಲಿ ನಾನು ಹೇಳಲಿಲ್ಲ. ಮಗನನ್ನು ಕೆಲವು ಮಾತು ಕೇಳಿ ಬನ್ನಿರೆಂದೆ. ಪ್ರೋಗ್ರಾಮನ್ನು ಈಗ ಎಷ್ಟು ಹೋಟೆಲಿನವರು ದಿನವೂ ಬಳಸುತ್ತಾರೆ? ಅವರಲ್ಲಿ ಕೇಳದೆಯೇ ಹಣ ಕೊಟ್ಟವರು ಯಾರಾದರೂ ಇದ್ದಾರೆಯೇ? ಕಂಪನಿಯ ನೇಮಕಪತ್ರದಲ್ಲಿ, ನೌಕರಿಯಲ್ಲಿರುವಾಗ ಬರೆದದ್ದೆಲ್ಲ ಕಂಪನಿಗೆ ಸೇರತಕ್ಕದ್ದೆಂಬ ಷರತ್ತು ಇದೆಯೇ? ಈ ಕೊನೆಯದನ್ನು ತರುಣರು ಲಘುವಾಗಿ ಎಣಿಸಬಾರದು. ರಾತ್ರಿ ನಿಮ್ಮ ಸ್ವಂತ ಕಂಪ್ಯೂಟರಿನಲ್ಲಿ ಬರೆದದ್ದನ್ನೂ ತನ್ನದೆನ್ನುವ ಒಪ್ಪಂದಗಳಿವೆ. ಸಹಿ ಹಾಕುವ ದಿನ ಸಂತೋಷದ ಭರದಲ್ಲಿ ಓದದೆ ಬಿಟ್ಟ ಕಾಗದವನ್ನು ಈಗಲಾದರೂ ತೆಗೆದು ಓದಿರಿ; ಅರ್ಥವಾಗದಿದ್ದರೆ ಸಂಘದ ವಕೀಲರಿಗೆ ತೋರಿಸಿರಿ.

ನಾಲ್ಕು ದಿನ ಬಿಟ್ಟು ಹಿರಿಯರು ಮತ್ತೆ ಬಂದರು. ಈ ಸಲ ಮಗನೂ ಜೊತೆಗಿದ್ದ. ಹನ್ನೊಂದು ಹೋಟೆಲುಗಳಲ್ಲಿ ಅವನ ಪ್ರೋಗ್ರಾಮು ಇದೆ. ನಾಲ್ವರು ಹಣ ಕೊಡುತ್ತಾರೆ; ಅವರಲ್ಲಿ ಇಬ್ಬರು ತಾವಾಗಿಯೇ ಕೊಟ್ಟರು. ಬರುವ ಹಣ ಅವನ ಪಗಾರದ ಹತ್ತನೆಯ ಒಂದು ಭಾಗವೂ ಆಗುವುದಿಲ್ಲ. ನೇಮಕಪತ್ರವನ್ನು ವಕೀಲರು ನೋಡುತ್ತಿದ್ದಾರೆ. ನಾನು ಕ್ನೋಫನ ಎರಡು ವರ್ಷಗಳ ಕಥೆ ಹೇಳಿದೆ. ಹುಡುಗ ತಾಳ್ಮೆಯಿಂದ ಕೇಳಿದ, ಆಮೇಲೆ ಅಂದ: “ಸರ್, ನಾನು ಮನೆ ಮುಟ್ಟೋದು ರಾತ್ರಿ ಹತ್ತಕ್ಕೆ. ಹೋಟೆಲಿನವರು ಗಲ್ಲೆ ಮುಚ್ಚೋದು ಹನ್ನೊಂದಕ್ಕೆ. ಲೆಕ್ಕ ಕೂಡಿಬರದಿದ್ರೆ ಅವರು ಫೋನ್ ಮಾಡೋದು ಆವಾಗಲೇ. ಬೆಳಿಗ್ಗೆ ಆರೂವರೆಗೆ ನನ್ನ ಲೋಕಲ್. ಎರಡು ವರ್ಷ ಹೀಗೆ ಮಾಡೋಕಾಗತ್ತಾ?” ಅದಕ್ಕೆ ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ. ಕ್ನೋಫನಿಗೆ ಮುಂಬಯಿಯ ಲೋಕಲ್ ಇರಲಿಲ್ಲ.

ಆಗ ತಂದೆ ಒಂದು ಮಾತು ಆಡಿದರು. “ನಮ್ಮ ಕಾಲದಾಗ ನಾವೆಲ್ಲಾ ಒಟ್ಟಿಗೇ ಹೊರಗ ಬಂದಿದ್ವಿ, ಆದ್ರೂ ಉಳೀಲಿಲ್ಲ. ಇಂವ ಒಬ್ಬನ ಹೋಗ್ತೀನಂತಾನಲ್ರೀ, ಅದಕ್ಕ ಅಂಜಿಕಿ.” ಹುಡುಗ ತಲೆ ತಗ್ಗಿಸಿ ಕುಳಿತ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕೊನೆಗೆ ಮೂವರೂ ಒಪ್ಪಿದ್ದು ಇಷ್ಟು. ಆರು ತಿಂಗಳು ನೌಕರಿ ಇರಲಿ. ಅಷ್ಟರಲ್ಲಿ ಹಣ ಕೊಡುವ ಹೋಟೆಲುಗಳು ನಾಲ್ಕರಿಂದ ಎಷ್ಟಾಗುತ್ತವೆ ನೋಡುವುದು. ರಾತ್ರಿಯ ಫೋನುಗಳನ್ನು ಎತ್ತಲು ನಮ್ಮ ರಾತ್ರಿಶಾಲೆಯಲ್ಲಿ ಹತ್ತನೆಯದು ಮುಗಿಸಿದ, ಹಗಲು ಗಲ್ಲೆಯ ಮೇಲೆ ಕೂರುವ ಒಬ್ಬ ಹುಡುಗನನ್ನು ಜೊತೆಗೆ ಹಾಕಿಕೊಳ್ಳುವುದು. ಹೋಟೆಲಿನವನ ಭಾಷೆ ಹೋಟೆಲಿನವನಿಗೆ ಬೇಗ ತಿಳಿಯುತ್ತದೆ. ಅವನಿಗೆ ಕೊಡಬೇಕಾದ ಸಂಬಳವನ್ನು ಮೊದಲ ಮೂರು ತಿಂಗಳು ತಂದೆ ತಮ್ಮ ಪಿಂಚಣಿಯ ಗಂಟಿನಿಂದ ಕೊಡುತ್ತಾರೆ. ಇದನ್ನು ಹೇಳಲು ಅವರ ಅನುಮತಿ ಪಡೆದಿದ್ದೇನೆ.

ಬರುವ ರವಿವಾರ ಸಂಜೆ ನಾಲ್ಕಕ್ಕೆ ಆ ಹುಡುಗ ಇದೇ ಸಭಾಗೃಹಕ್ಕೆ ತನ್ನ ಕಂಪ್ಯೂಟರು ತರುತ್ತಾನೆ. ಗಲ್ಲೆಯ ಮೇಲೆ ಕೂರುವವರು, ಸಣ್ಣ ಖಾನಾವಳಿ ನಡೆಸುವವರು ದಯವಿಟ್ಟು ಬನ್ನಿರಿ. ಒಂದು ಸಾದಾ ದೋಸೆ, ಎರಡು ಚಹಾ, ಅದರಲ್ಲೊಂದು ಕಟಿಂಗ್, ನಿನ್ನೆಯ ಬಾಕಿ ಹನ್ನೆರಡು ರೂಪಾಯಿ, ಅರ್ಧ ಹಣ ಫೋನಿನಲ್ಲಿ, ಅರ್ಧ ಚಿಲ್ಲರೆಯಲ್ಲಿ. ಇಷ್ಟನ್ನು ಅವನ ಪ್ರೋಗ್ರಾಮು ತಪ್ಪಿಲ್ಲದೆ ಬರೆದುಕೊಳ್ಳುತ್ತದೆಯೋ ಇಲ್ಲವೋ ನೀವೇ ಕುಳಿತು ನೋಡಿರಿ. ತಪ್ಪಿದ್ದರೆ ಅವನ ಮುಖದ ಮುಂದೆಯೇ ಹೇಳಿರಿ.